ಇಲ್ಲದ ಲೈಬ್ರರಿ ನುಡಿಸಿದ ಪಾಠ

ಯಂತ್ರಕ್ಕೆ ಮನಸ್ಸೂ ಇಲ್ಲ, ಮಾಟವೂ ಇಲ್ಲ. ವಿಚಿತ್ರ ಏನಾದರೂ ನಡೆದರೆ ಎಲ್ಲೋ ಮನುಷ್ಯ ಎಡವಿದ್ದಾನೆ ಎಂದು ಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ನಾನು. ಈಗಲೂ ಹೇಳುತ್ತೇನೆ. ಆದರೆ ಚಾಮರಾಜಪೇಟೆಯ ಆ ಸಂಜೆ ನೆನಪಾದರೆ ದನಿ ಸ್ವಲ್ಪ ತಗ್ಗುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ವಠಾರದ ಶೈಲಾಗೆ ಕಣ್ಣು ಕಾಣುತ್ತಿರಲಿಲ್ಲ, ಎಂ.ಎ. ಓದುತ್ತಿದ್ದಳು. ಮೇಷ್ಟ್ರ ಪಾಠಗಳನ್ನು ಕ್ಲಾಸಿನಲ್ಲೇ ಟೇಪ್ ಮಾಡಿ ಕಂಪ್ಯೂಟರಿಗೆ ತುಂಬಿಸಿಕೊಳ್ಳುತ್ತಿದ್ದಳು. ಅವು ಒಂದು ಸಣ್ಣ ಪ್ರೋಗ್ರಾಮಿನಲ್ಲಿ ಮಾತ್ರ ಕೇಳಿಸುತ್ತಿದ್ದವು. ಪರೀಕ್ಷೆಯ ಹಿಂದಿನ ದಿನ ಅವಳ ಅಣ್ಣ ಶ್ರೀನಾಥ, ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿದ ಹಾಗೆ, ಯಾವುದೋ ಪತ್ರಿಕೆಯ ಜತೆ ಬಂದ ಸಿ.ಡಿ.ಯಿಂದ ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನೆಲ್ಲ ಹೊಸದು ಮಾಡಿಟ್ಟ. ಪಾಠ ನಿಂತುಹೋಯಿತು.

"ಅಕ್ಕಾ, ಕೊನೇ ಪಾಠ ನಾನಿನ್ನೂ ತಿರುಗಿ ಕೇಳೇ ಇಲ್ಲ" ಎಂದು ಶೈಲಾ ಅಳುತ್ತ ನಮ್ಮ ಬಾಗಿಲಿಗೆ ಬಂದಳು.

ಲಿನಕ್ಸಿನಲ್ಲಿ ಹತ್ತಾರು ಪ್ರೋಗ್ರಾಮುಗಳು, ಎಲ್ಲಕ್ಕೂ ಬೇಕಾದ ಕೆಲಸಗಳನ್ನು ಬರೆದಿಟ್ಟ ಒಂದೇ ಲೈಬ್ರರಿ ಫೈಲನ್ನು ಹಂಚಿಕೊಳ್ಳುತ್ತವೆ. ಅದರ ಹೆಸರಿನ ಕೊನೆಗೊಂದು ನಂಬರು. ನಂಬರು ಬದಲಾದರೆ ಒಳಗಿನ ರೀತಿಯೇ ಬದಲಾಗಿದೆ, ಹಳೆಯ ಪ್ರೋಗ್ರಾಮಿಗೆ ಅದು ಒಗ್ಗುವುದಿಲ್ಲ ಎಂದರ್ಥ. ಅದಕ್ಕೇ ಹಳೆಯದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವುದು ರೂಢಿ. ಶೈಲಾಳ ಪ್ರೋಗ್ರಾಮು ಕೇಳುತ್ತಿದ್ದದ್ದು ಒಂದನೇ ನಂಬರನ್ನು. ಈ ಮಹಾಶಯ ಅದನ್ನು ಅಳಿಸಿ ಎರಡನೆಯದನ್ನಷ್ಟೇ ಉಳಿಸಿದ್ದ. ಎರಡನೆಯದಕ್ಕೆ ಹಳೆಯ ಹೆಸರು ಕೊಟ್ಟು ನೋಡಿದೆ. ಪ್ರೋಗ್ರಾಮು ಏಳುತ್ತಲೇ ಬಿತ್ತು. ಆ ಹೆಸರನ್ನು ತೆಗೆದುಹಾಕಿ, ಶ್ರೀನಾಥನಿಗೆ ಚೆನ್ನಾಗಿ ಮಂಗಳಾರತಿ ಮಾಡಿ, ಹಳೆಯ ಸಿ.ಡಿ. ತರಲು ಮತ್ತಿಕೆರೆಯ ಗೆಳತಿಯ ರೂಮಿಗೆ ಸ್ಕೂಟರ್ ಓಡಿಸಿದೆ.

ವಾಪಸು ಬಂದಾಗ ವಠಾರದ ಬಾಗಿಲಲ್ಲೇ ಮೇಷ್ಟ್ರ ದನಿ ಕೇಳಿಸಿತು. ಒಳಗೆ ಶೈಲಾ ತಲೆ ಬಗ್ಗಿಸಿ ಪಾಠ ಕೇಳುತ್ತಿದ್ದಳು.

"ಏನೋ ಮಾಡ್ದೆ?" ಎಂದೆ ಶ್ರೀನಾಥನಿಗೆ.

"ಬೈಸ್ಕೊಂಡ್ಮೇಲೆ ನಾನು ಮುಟ್ಟೇ ಇಲ್ಲ ಅಕ್ಕಾ. ಅವಳೇ ಸುಮ್ನೆ ಇನ್ನೊಂದ್ಸಲ ಹಾಕಿದ್ಲು, ಬಂತು."

ಒಂದನೇ ನಂಬರು ಎಲ್ಲಿಂದ ಬಂತೆಂದು ನೋಡಲು ಕುರ್ಚಿ ಎಳೆದೆ. ಸದ್ದು ಕೇಳಿ ಶೈಲಾ, "ಮುಟ್ಬೇಡಿ ಅಕ್ಕಾ, ದಮ್ಮಯ್ಯ!" ಎಂದಳು. ಕೈ ಹಿಂದೆ ತೆಗೆದೆ. ಕರೆಂಟು ಹೋಗದಿದ್ದರೆ ಸಾಕಪ್ಪಾ ಎಂದು, ಯಾವ ದೇವರನ್ನೂ ನಂಬದ ನಾನು ಬೇಡಿಕೊಳ್ಳುತ್ತ ಕೂತೆ. ಪಾಠ ಮುಗಿದು ಅವಳು ನಕ್ಕಾಗ ನನಗೂ ಹೋದ ಜೀವ ಬಂದಂತಾಯಿತು. ಅಣ್ಣ ತಂಗಿ ಕಂಪ್ಯೂಟರ್ ಆರಿಸಿ ಮಲಗಿದರು.

ಮರುದಿನ ಅವಳು ಪರೀಕ್ಷೆಗೆ ಹೋದ ಮೇಲೆ ಮತ್ತೆ ಹಾಕಿ ನೋಡಿದೆ. ಅದೇ ಹಳೆಯ ದೂರು: ಒಂದನೇ ನಂಬರಿನ ಲೈಬ್ರರಿ ಸಿಗುತ್ತಿಲ್ಲ. ಮೂಲೆ ಮೂಲೆ ಜಾಲಾಡಿದೆ. ಇರಲಿಲ್ಲ. ನಾನು ತಂದಿದ್ದ ಸಿ.ಡಿ.ಯಿಂದ ಅದನ್ನು ಹಾಕಿದ ಮೇಲೆ ಸರಿಹೋಯಿತು. ಮಧ್ಯಾಹ್ನ ಶೈಲಾ ಗೇಟಿನಿಂದಲೇ, "ಅಕ್ಕಾ, ಕೊನೇ ಪಾಠದ್ದೇ ದೊಡ್ಡ ಪ್ರಶ್ನೆ!" ಎಂದು ಕೂಗುತ್ತ ಬಂದಳು.

ಪ್ರೋಗ್ರಾಮು ಓಡುತ್ತಿದ್ದಾಗಲೇ ನೋಡಿದ್ದರೆ ಕಾರಣ ಆಗಲೇ ಸಿಗುತ್ತಿತ್ತು ಎಂದು ಬಲ್ಲವರು ನನ್ನನ್ನು ಮೂದಲಿಸುತ್ತಾರೆ. ನಿಜ ಸ್ವಾಮಿ. ನಾನು ನೋಡಲಿಲ್ಲ, ಆದ್ದರಿಂದ ಇಂದಿಗೂ ಗೊತ್ತಿಲ್ಲ. ಅದೇ ಸಂಜೆ ಮತ್ತೆ ಬಂದರೂ ಕೈ ಕಟ್ಟಿಕೊಂಡೇ ಕೂರುತ್ತೇನೆ.