ಲೇಔಟಿನಲ್ಲಿ ಹೂಬಿಟ್ಟ ಪೊರಕೆ ಹುಲ್ಲು

ಮಾಲೂರಿನಿಂದ ಮಾಸ್ತಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ನರ್ಸರಿ ಇದೆ. ಕ್ರೋಟನ್ನು, ದಾಸವಾಳ, ಕಾರ್ಪೆಟ್ ಹುಲ್ಲು ಮಾರಿಕೊಂಡಿದ್ದೆ. ಒಂದು ದಿನ ತೋಟಗಳ ವಿನ್ಯಾಸ ಮಾಡುವ ಮೇಡಂ ಒಬ್ಬರು ಬಂದು ಫೋನಿನಲ್ಲಿ ಚಿತ್ರ ತೋರಿಸಿದರು.

"ಇಲ್ಲಿನ ಬೆಟ್ಟದ ಹುಲ್ಲೇ ಬೇಕು. ಜಾಸ್ತಿ ನೀರು ಕೇಳಬಾರದು, ಗಾಳಿಗೆ ಆಡ್ತಿರಬೇಕು. ಬೆಳೆಸಿ ಕೊಡ್ತೀರಾ?"

ಅದು ಹಂಚಿಕಡ್ಡಿ ಹುಲ್ಲು. ನಮ್ಮಮ್ಮ ಆವನಿಯ ಬೆಟ್ಟದ ಬುಡದಲ್ಲಿ ಅದನ್ನು ಕಿತ್ತು, ಪೊರಕೆ ಕಟ್ಟಿ, ಮುಳಬಾಗಿಲಿನ ಬೀದಿ ಬೀದಿಯಲ್ಲಿ ಮಾರಿ ನನ್ನನ್ನು ಪಿಯುಸಿವರೆಗೆ ಓದಿಸಿದ್ದಳು. ಅದನ್ನು ಮೇಡಂಗೆ ಹೇಳಲಿಲ್ಲ. "ಬೆಳೆಸ್ತೀನಿ" ಅಂದೆ, ಅಷ್ಟೆ.

ಬೀಜ ತಂದು ಬಿತ್ತಿದೆ. ಅಲ್ಲೊಂದು ಇಲ್ಲೊಂದು ಹುಟ್ಟಿತು. ಹುಟ್ಟಿದ್ದಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದೆ. ಕಡುಹಸಿರಾಗಿ ಎದ್ದು ಒಂದೇ ಮಳೆಗೆ ಮಲಗಿಬಿಟ್ಟಿತು. ನನ್ನ ಜೊತೆಯಲ್ಲೇ ಇದ್ದ ಅಮ್ಮ ನೋಡಿ ನಕ್ಕಳು.

"ಗೊಬ್ಬರ ಯಾಕೆ ಹಾಕ್ದೆ? ಬಂಡೆ ಸಂದೀಲಿ ಬೆಳೆಯೋದು ಕಣೇ ಅದು. ಹೊಟ್ಟೆ ತುಂಬಿದ್ರೆ ನಿಲ್ಲಲ್ಲ."

ಮುಂದಿನ ಮುಂಗಾರಿಗೆ ಇಬ್ಬರೂ ಆವನಿಯ ಹತ್ತಿರದ ಸೋದರಮಾವನ ಹೊಲಕ್ಕೆ ಹೋದೆವು. ಬದುವಿನ ಮೇಲಿದ್ದ ಬುಡಗಳನ್ನು ಅಮ್ಮ ಗುದ್ದಲಿಯಲ್ಲಿ ಮೆಲ್ಲಗೆ ಎಬ್ಬಿಸಿದಳು. ನರ್ಸರಿಗೆ ತಂದು ಒಂದೊಂದನ್ನೂ ಸೀಳಿ, ನಾಲ್ಕೈದು ಕಡ್ಡಿ ಉಳಿಯುವಂತೆ ಮಾಡಿ, ಮರಳು ಬೆರೆಸಿದ ಕೆಮ್ಮಣ್ಣಿನ ಕವರುಗಳಲ್ಲಿ ನೆಟ್ಟಳು. "ಪೊರಕೆ ಕಡ್ಡೀನ ಮನೆ ಮುಂದೆ ಚೆಂದಕ್ಕೆ ಇಟ್ಕೋತಾರಾ? ಹುಚ್ಚು ಜನ!" ಅನ್ನುತ್ತಿದ್ದಳು. ಆದರೂ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಆ ಸಾಲುಗಳ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಒಂದೂ ಸಾಯಲಿಲ್ಲ.

ಮಾಲೂರಿನ ಹೊರಗಿನ ಹೊಸ ಲೇಔಟಿನಲ್ಲಿ ಅವನ್ನು ನೆಟ್ಟೆವು. ಮರುವರ್ಷ ಮಳೆ ನಿಂತು ಚಳಿ ಶುರುವಾದಾಗ ಹುಲ್ಲು ಹೂಬಿಟ್ಟಿತು. ರಸ್ತೆಯ ಎರಡೂ ಕಡೆ ಸಂಜೆ ಬಿಸಿಲಿಗೆ ಕೆಂಚಗೆ ಮಿನುಗುತ್ತಿತ್ತು. ಮನೆ ಕೊಂಡವರಿಗೆಲ್ಲ ತೋರಿಸಬೇಕು, ನೀವೂ ಬನ್ನಿ ಎಂದು ಮೇಡಂ ಕರೆದರು.

"ನಾನೂ ನೋಡ್ಬೇಕು ಕಣೇ" ಅಂದಳು ಅಮ್ಮ. ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಕೂತಿರು, ಆಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಒಳಗೆ ನಡೆದೆ.

ಮೇಡಂ ಜೊತೆ, ಮನೆ ಕೊಂಡವರ ಜೊತೆ ಹುಲ್ಲಿನ ಗುಣಗಳ ಬಗ್ಗೆ ಮಾತಾಡುತ್ತಿದ್ದಾಗ ಸೆಕ್ಯುರಿಟಿಯವನ ಕೂಗು ಕೇಳಿಸಿತು.

"ಏಯ್ ಅಜ್ಜಿ! ಕೈ ತೆಗಿ! ಯಾರು ಒಳಗ್ ಬಿಟ್ಟಿದ್ದು ನಿನ್ನ?"

ಹುಲ್ಲಿನ ನಡುವೆ ಅಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಬಲಿತ ಕಡ್ಡಿಗಳನ್ನು ಒಂದೊಂದಾಗಿ ಎಳೆದು, ಅಂಗೈಗೆ ಬಡಿದು ಹೊಟ್ಟು ಉದುರಿಸಿ, ತೊಡೆಯ ಮೇಲೆ ಜೋಡಿಸಿಕೊಳ್ಳುತ್ತಿದ್ದಳು. ನಲವತ್ತು ವರ್ಷ ಆ ಕೆಲಸ ಮಾಡಿದ ಕೈ. ಬಲಿತದ್ದನ್ನು ಕಂಡು ಸುಮ್ಮನಿರಲು ಅದಕ್ಕೆ ಗೊತ್ತಿರಲಿಲ್ಲ. ನನ್ನನ್ನು ಕಂಡು ಮುಖ ಅರಳಿಸಿದಳು.

"ನಿಮ್ಮ ಕೆಲಸದವರಾ?" ಎಂದು ಮೇಡಂ ಕೇಳಿದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಹೂಂ ಮೇಡಂ. ಹೊಸಬರು, ಗೊತ್ತಾಗಲ್ಲ" ಅಂದೆ.

ಅಮ್ಮ ಕಡ್ಡಿಗಳನ್ನು ನೆಲದ ಮೇಲೆ ಇಟ್ಟಳು. ಎಸೆಯಲಿಲ್ಲ, ತುದಿಗೆ ತುದಿ ಸರಿಮಾಡಿ ಇಟ್ಟಳು. ಎದ್ದು ಸೆರಗು ಕೊಡವಿ, ನನ್ನ ಮುಖ ನೋಡಿಕೊಂಡೇ, "ತಪ್ಪಾಯ್ತು ಮೇಡಂ" ಅಂದಳು. ಆ ಮಾತು ನನ್ನನ್ನು ಕಾಪಾಡಲು ಹೇಳಿದ್ದೋ, ನೋವಾಗಿ ಹೇಳಿದ್ದೋ, ಇವತ್ತಿಗೂ ಗೊತ್ತಿಲ್ಲ.

ವಾಪಸು ಬರುವಾಗ ಅವಳು ನನ್ನ ಭುಜ ಹಿಡಿಯಲಿಲ್ಲ. ಹಿಂದಿನ ಕಂಬಿ ಹಿಡಿದು ಕೂತಿದ್ದಳು. ಮನೆಗೆ ಬಂದ ಮೇಲೆ "ಅಮ್ಮಾ, ಅದು..." ಎಂದು ಶುರುಮಾಡಿದೆ.

"ಪೋನೀಲೇ, ಬಿಡು. ನಿನ್ ಕೆಲಸ ಕೆಡಬಾರ್ದಲ್ಲ" ಅಂದು ನನಗೆ ಮುದ್ದೆ ಬಡಿಸಿದಳು. ನಾನು ಉಂಡೆ. ತಪ್ಪಾಯಿತು ಎಂದು ನಾನು ಹೇಳಲೇ ಇಲ್ಲ.

ಆಮೇಲೂ ಬುಡ ಸೀಳಿ ಕೊಡುತ್ತಿದ್ದಳು. ಕೋಲಾರದ ಕಾಲೇಜೊಂದಕ್ಕೆ ಹುಲ್ಲು ಕಳಿಸಿದಾಗ "ಬಾರಮ್ಮ, ನೋಡ್ಕೊಂಡ್ ಬರಣ" ಎಂದು ಕರೆದೆ. "ನಾನ್ಯಾಕೆ ಅಲ್ಲಿಗೆ?" ಎಂದಳು.

ಯುಗಾದಿ ಕಳೆದ ಮೇಲೆ ಲಕ್ವ ಹೊಡೆಯಿತು. ಕೋಲಾರದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು, ಮಾತು ಇರಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದೆ. ಕೇಳಿಸಿತೋ ಇಲ್ಲವೋ.

ತಿಥಿ ಮುಗಿದ ಮೇಲೆ ನಾನೇ ಮೇಡಂಗೆ ಫೋನ್ ಮಾಡಿದೆ. "ಅವತ್ತು ಲೇಔಟಲ್ಲಿ ಕಡ್ಡಿ ಕಿತ್ತೋರು ನಮ್ಮಮ್ಮ, ಮೇಡಂ. ಆ ಹುಲ್ಲು ಬೆಳೆಸಿದ್ದೂ ಅವರೇ."

ಅವರು, "ಅಯ್ಯೋ, ಅವತ್ತೇ ಹೇಳಬಾರದಿತ್ತಾ? ಎಲ್ಲರ ಮುಂದೆ ಅವರ ಕೈಲೇ ಮಾತಾಡಿಸ್ತಿದ್ದೆನಲ್ಲಾ" ಅಂದರು.

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.