ಭಾವನ ಪಕ್ಕದ ಸೀಟು

ನಮ್ಮ ಭಾವನಿಗೆ ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರೆಂದರೆ ಪ್ರಾಣ; ನಮಗೆ ಪ್ರಾಣಭಯ. ಊಟಕ್ಕೆ ಕೂತರೂ ಐನೂರು ಹಾರ್ಸ್‌ಪವರ್, ನೂರರ ವೇಗಕ್ಕೆ ನಾಲ್ಕೇ ಸೆಕೆಂಡು ಎಂದು ಜಪ. ಟಾರ್ಕ್ ಎಂದರೇನೆಂದು ಕೇಳಿದರೆ, "ಹಿಂದಿಂದ ಯಾರೋ ಒದ್ದ ಹಾಗೆ ಕಣೋ" ಎಂದು ನನ್ನ ಬೆನ್ನಿಗೇ ಗುದ್ದಿ ತೋರಿಸುತ್ತಾರೆ. ಮಾರಾಟದ ಕಾರು ಕಂಡರೆ ಟೈರಿಗೆ ಉಗುರು ಒತ್ತಿ ನೋಡುತ್ತಾರೆ, ಎಂಜಿನ್ನಿನ ಸದ್ದಿಗೆ ಕಣ್ಣು ಮುಚ್ಚಿ ತಲೆದೂಗುತ್ತಾರೆ, ಅಕ್ಕ ಬ್ರೇಕಿನ ಮಾತೆತ್ತಿದರೆ ಮಾತ್ರ, "ಸುಮ್ನಿರೇ, ನಿಲ್ಸೋಕೆ ಅಂತ ಯಾರಾದ್ರೂ ಇದನ್ನ ತಗೋತಾರಾ?" ಎಂದು ಗದರುತ್ತಾರೆ. ಮೊನ್ನೆ ಒಂದು ಕೆಂಪು ಕಾರನ್ನು ಓಡಿಸಿ ನೋಡಲು ಹೊರಟಾಗ ಅಕ್ಕ ಪಕ್ಕದ ಸೀಟಿನಲ್ಲಿ ಕೂತಳು. ಅವಳ ಕಾಲಡಿಯ ಮ್ಯಾಟು ಬಲಗಾಲಿನ ಜಾಗದಲ್ಲಷ್ಟೇ ಸವೆದು ತೂತಾಗಿತ್ತು. ಅಲ್ಲಿ ಇಲ್ಲದ ಬ್ರೇಕನ್ನು ಯಾರೋ ವರ್ಷಗಟ್ಟಲೆ ತುಳಿದಿದ್ದರು. ಭಾವ ಗಾಡಿ ಸ್ಟಾರ್ಟ್ ಮಾಡಿದರು. ಅಕ್ಕನ ಬಲಗಾಲು ತಾನಾಗಿಯೇ ಆ ತೂತಿನ ಮೇಲೆ ಹೋಗಿ ಕೂತಿತು.