ವೆಂಕೂಬಾಯಿ ಎತ್ತಿದ ಚೀಟಿ

ನನ್ನ ಹೆಂಡತಿ ವೆಂಕೂಬಾಯಿ ಅರವತ್ತನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತಳು. ಆಲೂರಿನ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ಆದೋನಿಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತ, ಇಪ್ಪತ್ತಾರು ವರ್ಷದ ದಾರಿಯಲ್ಲಿ ಅರ್ಧವನ್ನು ನಿಂತುಕೊಂಡೇ ಕಳೆದವಳು. ನಮ್ಮ ಆಂಧ್ರದಲ್ಲಿ ನಿವೃತ್ತಿ ಅರವತ್ತೆರಡಕ್ಕೆ; ಅದಕ್ಕೆ ಎರಡು ವರ್ಷವಿದ್ದಾಗ ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಲೈಸೆನ್ಸ್ ತಂದು ದೇವರ ಮುಂದಿಟ್ಟಾಗಲೇ ನನಗೆ ಗೊತ್ತಾದದ್ದು. ನನಗೋ ಸೈಕಲ್ಲು ಬಿಟ್ಟರೆ ಬೇರೇನೂ ಬರುವುದಿಲ್ಲ. ಜನ್ಮವಿಡೀ ಮಂಡಲ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವನಿಗೆ ಕ್ಲಚ್ಚು, ಗೇರು ಯಾಕೆ ಬೇಕು ಅಂತ ನಾಲ್ಕು ಜನರೆದುರು ನಗುತ್ತಿದ್ದೆ.

ನಿವೃತ್ತಿಯಾದ ವರ್ಷವೇ ಸೋಮೇಶನ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಯಲ್ಲಿ ಒಂದು ಗಾಡಿಯ ಮೇಲೆ ಅವಳ ಕಣ್ಣು ಬಿತ್ತು. ಜರ್ಮನಿಯದು, ಬೆಳ್ಳಿ ಬಣ್ಣ. ಹತ್ತಿ ಮಿಲ್ಲಿನ ಸಾಹುಕಾರರೊಬ್ಬರು ಹನ್ನೆರಡು ವರ್ಷ ಓಡಿಸಿದ್ದು. ಮೀಟರು ಒಂದು ಲಕ್ಷದ ತೊಂಬತ್ತೆರಡು ಸಾವಿರ ಕಿಲೋಮೀಟರು ತೋರಿಸುತ್ತಿತ್ತು. ಹೊಸದಾಗಿದ್ದಾಗ ನಾವು ಹತ್ತಿರ ನಿಂತು ನೋಡಲೂ ಹಿಂಜರಿಯುತ್ತಿದ್ದ ಗಾಡಿ, ಈಗ ಒಂದು ಸಣ್ಣ ಹೊಸ ಕಾರಿನ ಬೆಲೆಗೆ ಸಿಗುತ್ತಿತ್ತು. ಸುಳ್ಳು ಹೇಳಬಾರದು, ಸೋಮೇಶ ಮೀಟರನ್ನು ಹಿಂದಕ್ಕೆ ತಿರುಗಿಸಿರಲಿಲ್ಲ. ಸರ್ವೀಸಿನ ಬಿಲ್ಲುಗಳ ದಪ್ಪ ಫೈಲನ್ನೇ ಕೈಗಿಟ್ಟ. ಅವಳು ನಾಲ್ಕು ದಿನ ಅದನ್ನು ಪರೀಕ್ಷೆಯ ಪೇಪರು ತಿದ್ದಿದ ಹಾಗೆ ಓದಿದಳು.

ಮೆಕ್ಯಾನಿಕ್ ತಿಪ್ಪೇಶನನ್ನೂ ಕರೆದೊಯ್ದಳು. ಅವನು ಅರ್ಧ ಗಂಟೆ ಗಾಡಿಯ ಕೆಳಗೆ ಮಲಗಿದ್ದು ಎದ್ದು ಬಂದ. "ಎಂಜಿನ್ ಗಟ್ಟಿ ಐತ್ರಿ ಟೀಚರಮ್ಮ. ಆದ್ರ ಏನಾರ ಕೆಟ್ರ ಸಾಮಾನು ಹೈದರಾಬಾದಿಂದ ಬರಬೇಕು. ವರ್ಷಕ್ಕ ಒಂದು ಲಕ್ಷ ಬಾಜೂಕ ಇಟ್ಕೊಂಡು ತಗೊಳ್ರಿ, ಇಲ್ಲಾಂದ್ರ ಬಿಟ್ಬಿಡ್ರಿ" ಅಂದ. ಅವಳು ಅದಕ್ಕೂ ತಯಾರಿದ್ದಳು. ದುಡ್ಡು ಅವಳದೇ, ನನ್ನದೊಂದು ಪೈಸೆ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಗಾಡಿ ಪರೀಕ್ಷೆಗೆಂದು ಆಲೂರಿನವರೆಗೆ ಅವಳೇ ಓಡಿಸಿದಳು. ನಾನು ಪಕ್ಕದ ಸೀಟಿನಲ್ಲಿದ್ದೆ. ಅವಳು ನಿಂತು ಹೋಗುತ್ತಿದ್ದ ಅದೇ ಬಸ್ಸನ್ನು ದಾಟುವಾಗ ಅವಳ ಮುಖದಲ್ಲಿ ಹೆಮ್ಮೆ ಹುಡುಕಿದೆ. ಕಾಣಲಿಲ್ಲ. ಬಹಳ ದಿನಕ್ಕೆ ಬೆನ್ನಿಗೆ ಒರಗು ಸಿಕ್ಕವರ ಸಮಾಧಾನವಿತ್ತು ಅಷ್ಟೆ. ಅದನ್ನು ನೋಡಿ ನನಗೂ ಒಂದು ಕ್ಷಣ ಖುಷಿಯಾಯಿತು. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ವಾಪಸು ನಮ್ಮ ಓಣಿಗೆ ಬಂದಾಗ ಮಠದ ಕಟ್ಟೆಯ ಮೇಲೆ ನನ್ನ ಗೆಳೆಯರೆಲ್ಲ ಕೂತಿದ್ದರು. ಅವಳ ಕೈಚೀಲ ನನ್ನ ತೊಡೆಯ ಮೇಲಿತ್ತು. ಹನುಮಂತ ಕಿಟಕಿಗೆ ಬಗ್ಗಿ, ಏನೋ ಸುಯಮೀಂದ್ರ, ಬಾಯಿಯವರು ನಿನಗ ಹೊಸ ನೌಕರಿ ಕೊಟ್ಟಾರೇನು ಅಂತ ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆ ಸೇರಿದವನೇ ಓಣಿ ಇಕ್ಕಟ್ಟು ಅಂದೆ, ಗಾಡಿ ಬಹಳ ಓಡಿದೆ ಅಂದೆ, ತಿಪ್ಪೇಶ ಹೇಳಿದ ಲಕ್ಷವನ್ನು ಹತ್ತು ಸಲ ಎತ್ತಿ ಆಡಿದೆ. ಎಲ್ಲವೂ ನಿಜವೇ. ಅದರಲ್ಲಿ ಒಂದೂ ನನ್ನ ಕಾರಣವಲ್ಲ.

ಮೂರು ದಿನ ವಾದವಾಯಿತು. ಕೊನೆಗೆ ಅವಳೇ, ರಾಯರ ಮುಂದೆ ಚೀಟಿ ಹಾಕೋಣ ಅಂದಳು. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ದೊಡ್ಡ ವಿಷಯಗಳೆಲ್ಲ ಹಾಗೇ ತೀರ್ಮಾನವಾಗುವುದು. ಪೂಜೆ ಮುಗಿದ ಮೇಲೆ ನಾನು ಒಂದರಲ್ಲಿ ಬೇಕು, ಒಂದರಲ್ಲಿ ಬೇಡ ಅಂತ ಬರೆದು ಮಡಿಚಿ ರಾಯರ ಪಟದ ಮುಂದಿಡುತ್ತೇನೆ, ಅವಳು ಒಂದನ್ನು ಎತ್ತುತ್ತಾಳೆ. ಎತ್ತದೆ ಉಳಿದದ್ದನ್ನು ಬಿಚ್ಚಿ ನೋಡಬಾರದು, ನೀರಲ್ಲಿ ನೆನೆಸಿ ತುಳಸಿಯ ಬುಡಕ್ಕೆ ಹಾಕಬೇಕು.

ಅವತ್ತು ನಾನು ಎರಡರಲ್ಲೂ ಬೇಡ ಅಂತ ಬರೆದೆ. ಮಡಿ ಪಂಚೆ ಉಟ್ಟು, ನಾಮ ಹಚ್ಚಿಕೊಂಡು, ಎಂದಿನ ದುಂಡು ಅಕ್ಷರದಲ್ಲೇ ಬರೆದೆ.

ಅವಳು ಕಣ್ಣು ಮುಚ್ಚಿ ಎತ್ತಿದಳು, ಓದಿದಳು, ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಸೋಮೇಶನಿಗೆ ಫೋನು ಮಾಡಿ ಬೇರೆಯವರಿಗೆ ಕೊಡಲು ಹೇಳಿದಳು. ಸಿಟ್ಟು ಮಾಡಿದ್ದರೆ, ಮಾತು ಬಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಏನೂ ಮಾಡಲಿಲ್ಲ. ಬೇರೆ ಯಾವ ಕಾರನ್ನೂ ನೋಡಲು ಹೋಗಲಿಲ್ಲ.

ಒಂದು ವರ್ಷ ಕಳೆಯಿತು. ಈ ಬೇಸಿಗೆಯಲ್ಲಿ ಕೋಸಗಿಯ ಮದುವೆಯೊಂದನ್ನು ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದೆವು. ಬಿಸಿಲಿಗೆ ಅವಳು ಸೆರಗನ್ನು ತಲೆಗೆ ಹೊದ್ದುಕೊಂಡಿದ್ದಳು. ಆ ಬೆಳ್ಳಿ ಬಣ್ಣದ ಕಾರೇ ಬಂದು ನಮ್ಮ ಮುಂದೆ ನಿಂತಿತು. ಕೊಂಡಿದ್ದವರು ಮೆಣಸಿನಕಾಯಿ ವ್ಯಾಪಾರಿ ಗೋವಿಂದಪ್ಪ, ಅವರ ಮಗಳಿಗೆ ಇವಳು ಪಾಠ ಹೇಳಿದ್ದಳಂತೆ. ಬಲವಂತ ಮಾಡಿ ಹತ್ತಿಸಿಕೊಂಡರು. ಇಪ್ಪತ್ತು ಸಾವಿರ ಕಿಲೋಮೀಟರು ಓಡಿಸಿದೆ, ಟೈರು ಬಿಟ್ಟರೆ ಬೇರೆ ಖರ್ಚಿಲ್ಲ ಎಂದು ದಾರಿಯುದ್ದಕ್ಕೂ ಹೊಗಳಿದರು. ಅವಳು ಹಿಂದಿನ ಸೀಟಿನಲ್ಲಿ ಕೂತು ಹೌದ್ರಿ, ಹೌದ್ರಿ ಅನ್ನುತ್ತಿದ್ದಳು.

ಮನೆಗೆ ಬಂದು ಚಪ್ಪಲಿ ಬಿಡುತ್ತ ನನ್ನನ್ನೇ ಸಮಾಧಾನ ಮಾಡಿದಳು. "ನಮ್ಮ ಋಣದಾಗ ಇರಲಿಲ್ಲ ಬಿಡ್ರಿ. ರಾಯರು ಬ್ಯಾಡ ಅಂದ್ರಂದ್ರ ಏನೋ ಕಾರಣ ಇರ್ತದ."

ನನ್ನಿಂದ ತಡೆಯಲಾಗಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ: ಎರಡು ಚೀಟಿ, ಕಟ್ಟೆಯ ನಗು, ನನ್ನ ಹೊಟ್ಟೆಯೊಳಗಿನ ಸಣ್ಣತನ. ಕಾರಿನ ವಿಷಯಕ್ಕೆ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಾರಿನ ಮಾತೇ ಎತ್ತಲಿಲ್ಲ. ಚಪ್ಪಲಿಯನ್ನು ಗೋಡೆಗೆ ಸರಿಸಿಟ್ಟು, "ಪತ್ತಿಕೊಂಡದ್ದು?" ಅಂತ ಕೇಳಿದಳು.

ಹದಿನೈದು ವರ್ಷದ ಹಿಂದೆ ಅವಳಿಗೆ ಪತ್ತಿಕೊಂಡದಲ್ಲಿ ಹೆಡ್ ಮೇಡಂ ಹುದ್ದೆ ಬಂದಿತ್ತು. ಅಲ್ಲೇ ಮನೆ ಮಾಡಬೇಕಿತ್ತು. ಚೀಟಿಯಲ್ಲಿ ಬೇಡ ಅಂತ ಬಂದದ್ದಕ್ಕೆ ಬಿಟ್ಟುಕೊಟ್ಟು, ಬರೀ ಟೀಚರಾಗಿಯೇ ನಿವೃತ್ತಳಾದಳು.

ಆ ಚೀಟಿಯಲ್ಲಿ ಮೋಸವಿರಲಿಲ್ಲ. ಒಂದು ಬೇಕು, ಒಂದು ಬೇಡ, ನಾನೇ ಬರೆದದ್ದು. ಹಾಗಂತ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಗಾಬರಿಯಾಗಿ, ರಾಯರ ಆಣೆ ಅಂದೆ.

"ರಾಯರ ಆಣಿ ಹಾಕಬ್ಯಾಡ್ರಿ" ಅಂದಳು. "ಇದನ್ನೂ ಅವರ ಮುಂದೇ ಮಾಡೀರಿ."

ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದು, ಮಗಳ ಮದುವೆಯ ಚೀಟಿಯ ಬಗ್ಗೆ ಕೇಳಿದಳು. ಆಮೇಲೆ ಈ ಮನೆಯದ್ದು. ಪ್ರತಿಯೊಂದಕ್ಕೂ ನಾನು ನಿಜವನ್ನೇ ಹೇಳಿದೆ, ಪ್ರತಿಯೊಂದಕ್ಕೂ ಅವಳು ಆಗಲಿ ಅಂತ ತಲೆಯಾಡಿಸಿದಳು. ಒಂದನ್ನೂ ನಂಬಲಿಲ್ಲ.